ಬೆಲ್ಟ್ ಮೇಲೆ ಬರುವ ಅಗ್ಗದ ಸುಶಿ: ಮೀನು ನಂಬಬಹುದಾ, ಅಮ್ಮನಿಗೆ ಏನು ಸಿಗುತ್ತದೆ?

ಪ್ರಶ್ನೆ: ನಮ್ಮ ಯಜಮಾನರಿಗೆ ಒಸಾಕಾದಲ್ಲಿ ಎರಡು ವರ್ಷದ ಕೆಲಸ. ಮುಂದಿನ ತಿಂಗಳು ನಾನು, ಐದು ವರ್ಷದ ಮಗಳು ಮತ್ತು ನನ್ನ ಅಮ್ಮ ಹೊರಟಿದ್ದೇವೆ. ಬೆಲ್ಟ್ ಮೇಲೆ ಪ್ಲೇಟುಗಳು ಸುತ್ತುತ್ತಾ ಬರುವ ಅಗ್ಗದ ಸುಶಿ (ಅನ್ನದ ಉಂಡೆಯ ಮೇಲೆ ಹೆಚ್ಚಾಗಿ ಹಸಿ ಮೀನಿನ ಹೋಳು) ಹೋಟೆಲಿಗೆ ಎಲ್ಲರೂ ಒಟ್ಟಿಗೆ ಹೋಗಬೇಕೆಂದು ಇವರ ಆಸೆ. ಇವರು ಕುಂದಾಪುರದವರು, ಮೀನು ಹುಟ್ಟಿನಿಂದಲೇ ರೂಢಿ. ನಾನು ಮದುವೆಯಾದ ಮೇಲೆ ಬೇಯಿಸಿದ ಮೀನು ತಿನ್ನಲು ಕಲಿತೆ, ಹಸಿ ಮೀನೆಂದರೆ ಭಯ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಷ್ಟು ಕಡಿಮೆ ಬೆಲೆಗೆ ಕೊಡುವ ಹಸಿ ಮೀನನ್ನು ನಂಬಬಹುದೇ? ಅಮ್ಮನಿಗೆ ಅಲ್ಲಿ ಏನಾದರೂ ಸಿಗುತ್ತದೆಯೇ? ಖರ್ಚೆಷ್ಟಾಗಬಹುದು, ಅಲ್ಲಿನ ರೀತಿ-ರಿವಾಜು ಏನು?
ಒಬ್ಬ ಓದುಗರು, ಬೆಂಗಳೂರು

ಉತ್ತರ: ನೀವು ಮೂವರು ಧೈರ್ಯವಾಗಿ ಹೋಗಿ. ನಿಮ್ಮ ತಾಯಿಯವರ ವಿಷಯ ಬೇರೆ. ಅದನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ಅಷ್ಟನ್ನು ಅವರಿಗೂ ಓದಿ ಹೇಳಿ, ತೀರ್ಮಾನ ಅವರಿಗೇ ಬಿಡಿ.

ಇಷ್ಟು ಅಗ್ಗಕ್ಕೆ ಕೊಡುತ್ತಾರೆಂದರೆ ಮೀನಿನಲ್ಲೇ ಏನೋ ಕಿತಾಪತಿ ಇರಬೇಕು ಎಂಬ ಅನುಮಾನ ನಿಮ್ಮೊಬ್ಬರದಲ್ಲ, ಹೊಸದಾಗಿ ಹೋಗುವ ಎಲ್ಲರದೂ ಹೌದು. ಆದರೆ ಲೆಕ್ಕ ಹಾಗಿಲ್ಲ. ಸಾಮಾನ್ಯ ಹೋಟೆಲಿನಲ್ಲಿ ಗಿರಾಕಿ ಕೊಡುವ ನೂರು ರೂಪಾಯಿಯಲ್ಲಿ ಮೂವತ್ತರ ಆಸುಪಾಸು ಸಾಮಗ್ರಿಗೆ ಹೋಗುತ್ತದೆ. ಜಪಾನಿನ ದೊಡ್ಡ ಬೆಲ್ಟ್ ಸುಶಿ ಚೈನ್‌ಗಳಲ್ಲಿ ಈ ಪಾಲು ನಲವತ್ತನ್ನು ದಾಟುತ್ತದೆ. ಅಂದರೆ ಅವರು ಮೀನಿಗೆ ಹಾಕುವ ದುಡ್ಡು ಕಡಿಮೆಯಲ್ಲ, ಹೆಚ್ಚೇ. ಉಳಿಸಿರುವುದು ಕೆಲಸದವರ ಖರ್ಚಿನಲ್ಲಿ. ಈ ಒಂದು ಮಾತು ತಲೆಯಲ್ಲಿದ್ದರೆ ಅಲ್ಲಿ ಯಾವುದನ್ನು ತರಿಸಬೇಕು, ಯಾವುದನ್ನು ಬಿಡಬೇಕು ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ನೀವು ಹೋಗುತ್ತಿರುವುದು ಈ ಪದ್ಧತಿ ಹುಟ್ಟಿದ ಊರಿಗೇ. ಶಿರಾಇಶಿ ಯೋಶಿಅಕಿ ಎಂಬವರು ಒಸಾಕಾದ ಪೂರ್ವಕ್ಕೆ, ಈಗ ಹಿಗಾಶಿ-ಒಸಾಕಾ ಎನ್ನುವ ಕಡೆ, ಪುಟ್ಟ ಸುಶಿ ಅಂಗಡಿ ನಡೆಸುತ್ತಿದ್ದರು. ಸುತ್ತ ಸಣ್ಣ ಸಣ್ಣ ಕಾರ್ಖಾನೆಗಳು, ಗಿರಾಕಿಗಳೆಲ್ಲ ಕೂಲಿ ಕೆಲಸದವರು. ಅವರ ಕೈಗೆಟಕುವ ಬೆಲೆಯಲ್ಲೇ ಕೊಡಬೇಕು, ಆದರೆ ಕೆಲಸಕ್ಕೆ ಜನ ಸಿಗುವುದಿಲ್ಲ. ಅಸಾಹಿ ಬಿಯರ್ ಕಾರ್ಖಾನೆ ನೋಡಲು ಹೋದಾಗ ಬೆಲ್ಟ್ ಮೇಲೆ ಬಾಟಲಿಗಳು ಸಾಲಾಗಿ ಹೋಗುವುದನ್ನು ಕಂಡು, ಪ್ಲೇಟುಗಳೂ ಹೀಗೇ ಹೋಗಬಹುದಲ್ಲ ಎಂದು ಅವರಿಗೆ ಹೊಳೆಯಿತು. ಹೊಳೆದದ್ದನ್ನು ಮಾಡಿ ತೋರಿಸಲು ವರ್ಷಗಳೇ ಹಿಡಿದವು. ಬೆಲ್ಟ್ ನೇರವಾಗಿ ಓಡುವುದು ಸುಲಭ, ಸಣ್ಣ ಅಂಗಡಿಯ ಮೂಲೆಯಲ್ಲಿ ತಿರುಗುವುದು ಕಷ್ಟ. ತಿರುವಿನಲ್ಲಿ ಪ್ಲೇಟು ಸಿಕ್ಕಿಕೊಳ್ಳುತ್ತದೆ, ಉರುಳುತ್ತದೆ. ನೀವು ಹೋದಾಗ ಬೆಲ್ಟನ್ನು ಹತ್ತಿರದಿಂದ ಗಮನಿಸಿ: ಅದು ಒಂದೇ ಉದ್ದನೆಯ ಪಟ್ಟಿಯಲ್ಲ, ಅರ್ಧಚಂದ್ರದ ಆಕಾರದ ಹಲಗೆಗಳ ಸಾಲು. ತಿರುವು ಬಂದಾಗ ಒಂದರ ಬಾಗು ಇನ್ನೊಂದರ ಮಗ್ಗುಲಲ್ಲಿ ಜಾರಿ ಹೊಂದಿಕೊಳ್ಳುತ್ತದೆ, ಮೇಲಿರುವ ಪ್ಲೇಟು ಅಲುಗುವುದೂ ಇಲ್ಲ. ಇಡೀ ಉದ್ಯಮ ನಿಂತಿರುವುದು ಆ ಹಲಗೆಯ ಆಕಾರದ ಮೇಲೆ. ಇವತ್ತಿಗೂ ಜಪಾನಿನ ಸುಶಿ ಬೆಲ್ಟುಗಳು ಹೆಚ್ಚುಕಡಿಮೆ ಎಲ್ಲವೂ ತಯಾರಾಗುವುದು ಇಶಿಕಾವಾ ಎಂಬ ಒಂದೇ ಪ್ರಾಂತ್ಯದಲ್ಲಿ.

ಶಿರಾಇಶಿಯವರ 'ಗೆನ್ರೋಕು ಸುಶಿ' 1958ರಲ್ಲಿ ಶುರುವಾಯಿತು. ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು 8 ಸೆಂಟಿಮೀಟರ್ ಎಂದು ಅವರು ಗೊತ್ತುಮಾಡಿದರು. ಅದಕ್ಕಿಂತ ಜೋರಾದರೆ ಕೈಗೆ ಸಿಗುವುದಿಲ್ಲ, ನಿಧಾನವಾದರೆ ಕೂತವರಿಗೆ ತಾಳ್ಮೆ ಉಳಿಯುವುದಿಲ್ಲ. 1970ರ ಒಸಾಕಾ ಎಕ್ಸ್‌ಪೋ ಎಂಬ ವಿಶ್ವಮೇಳದಲ್ಲಿ ಮಳಿಗೆ ಹಾಕಿದ ಮೇಲೆ ದೇಶಕ್ಕೆಲ್ಲ ಹೆಸರಾಯಿತು. 1978ರಲ್ಲಿ ಬೆಲ್ಟಿನ ಮೇಲೆ ಅವರಿಗಿದ್ದ ಹಕ್ಕಿನ ಅವಧಿ ಮುಗಿದದ್ದೇ ತಡ, ಬೇರೆ ಕಂಪನಿಗಳು ನುಗ್ಗಿದವು. ಒಸಾಕಾದ ದೋತೋನ್ಬೋರಿ ಎಂಬ ಪೇಟೆಯಲ್ಲಿ ಗೆನ್ರೋಕುವಿನ ಅಂಗಡಿ ಇದೆ. ದೊಡ್ಡದೇನಲ್ಲ, ಥಳಕೂ ಇಲ್ಲ. ಆದರೂ ಒಮ್ಮೆ ಹೊಕ್ಕು ಬನ್ನಿ ಎಂದು ಒತ್ತಾಯ ಮಾಡುತ್ತೇನೆ.

ಬೆಲ್ಟ್ ಬಡಿಸುವವರ ಕೆಲಸ ತಪ್ಪಿಸಿತು. ಅನ್ನ ಉಂಡೆ ಕಟ್ಟುವವರ ಕೆಲಸ ತಪ್ಪಿಸಿದ್ದು ಯಂತ್ರ. ಸುಝುಮೊ ಎಂಬ ಕಂಪನಿ 1981ರಲ್ಲಿ ಸುಶಿ ರೋಬೋಟ್ ತಂದಿತು. ಈಗಿನವು ಗಂಟೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಉಂಡೆ ಕಟ್ಟಬಲ್ಲವು. ಒಳಗೆ ನಿಂತ ಹುಡುಗ ಅಥವಾ ಹುಡುಗಿ ಮಾಡುವುದು ಇಷ್ಟೇ: ಯಂತ್ರದಿಂದ ಸಾಲಾಗಿ ಬಂದ ಉಂಡೆಗಳ ಮೇಲೆ, ಮೊದಲೇ ಅಳತೆಗೆ ಕೊಯ್ದ ಮೀನಿನ ಹೋಳನ್ನು ಇಟ್ಟು ಮೆಲ್ಲಗೆ ಒತ್ತುವುದು. ದೊಡ್ಡ ಅಂಗಡಿಯಲ್ಲಿ ಸುಶಿ ಬಾಣಸಿಗ ಅನ್ನುವಂಥವರು ಒಬ್ಬರೂ ಇರದಿರಬಹುದು.

ಆದ್ದರಿಂದ ಕೈಚಳಕ ಬೇಡುವ ತಿನಿಸುಗಳನ್ನು ಇಲ್ಲಿ ತರಿಸಬೇಡಿ. ಉಪ್ಪು-ವಿನೆಗರ್‌ನಲ್ಲಿ ಗಂಟೆ ಲೆಕ್ಕ ನೋಡಿ ಹದ ಮಾಡುವ ಸಣ್ಣ ಮೀನುಗಳು, ಮೆತ್ತಗೆ ಬೇಯಿಸಿ ಗೊಜ್ಜು ಸವರುವ ಸಮುದ್ರದ ಹಾವುಮೀನು, ಇವುಗಳಿಗೆ ಪಳಗಿದ ಕೈ ಬೇಕು. ಯಂತ್ರ ಕೆಡಿಸಲಾಗದ ಪದಾರ್ಥಗಳನ್ನು ತರಿಸಿ: ಸಾಲ್ಮನ್, ಸಾಕಿದ ಹಮಾಚಿ ಮೀನು, ಸಿಗಡಿ, ನಿಮ್ಮವರ ಕಡೆ ಬೊಂಡಾಸ್ ಎನ್ನುವ ಸ್ಕ್ವಿಡ್, ಮೇಲೆ ಬೆಂಕಿ ತಾಗಿಸಿ ಕಂದಿಸಿದ 'ಅಬುರಿ' ಬಗೆಗಳು. ಇವು ಪ್ಲೇಟಿಗೆ 120 ಯೆನ್ ಕೊಟ್ಟರೂ ಚೆನ್ನಾಗಿರುತ್ತವೆ, ಇನ್ನೂ ಹೆಚ್ಚು ಕೊಟ್ಟರೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ನಿಮ್ಮ ಭಯ. ಹಸಿ ಮೀನಿನಲ್ಲಿ ಜಪಾನೀಯರೂ ಹೆದರುವುದು ಅನಿಸಾಕಿಸ್ ಎಂಬ ಹುಳುವಿಗೆ. ಬಂಗುಡೆಯ ಸಂಬಂಧಿ 'ಸಬಾ', ಸ್ಕ್ವಿಡ್, ಟ್ಯೂನಾದ ಬಳಗದ 'ಕತ್ಸುಓ' ಮುಂತಾದವುಗಳಲ್ಲಿ ಇದು ಸೇರಿಕೊಳ್ಳುತ್ತದೆ. ವಿನೆಗರ್, ಉಪ್ಪು, ವಸಾಬಿ ಎಂಬ ಘಾಟಿನ ಹಸಿರು ಚಟ್ನಿ ಯಾವುದಕ್ಕೂ ಸಾಯುವುದಿಲ್ಲ. ಸಾಯುವುದು ಬೇಯಿಸಿದಾಗ, ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಗಟ್ಟಿಯಾಗಿ ಹೆಪ್ಪುಗಟ್ಟಿಸಿದಾಗ. ಜಪಾನಿನ ಆರೋಗ್ಯ ಸಚಿವಾಲಯ ಹೇಳುವುದೂ ಇದನ್ನೇ. ಅಗ್ಗದ ಚೈನ್‌ಗಳ ಮೀನಿನಲ್ಲಿ ದೊಡ್ಡ ಪಾಲು ಬರುವುದೇ ಫ್ರೀಝ್ ಆಗಿ, ಹಡಗಿನಲ್ಲಿ. 'ತಾಜಾ ಅಲ್ಲ' ಎಂದು ಕೆಲವರು ಮೂಗು ಮುರಿಯುವ ಈ ಫ್ರೀಝಿಂಗೇ ಹುಳುವಿನ ಮಟ್ಟಿಗೆ ನಿಮ್ಮ ಕಾವಲು. ಹಾಗಾಗಿ ಹೊಸಬರು ಈ ಅಗ್ಗದ ಅಂಗಡಿಯಲ್ಲಿ ಶುರುಮಾಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. 'ಇವತ್ತು ಬೆಳಿಗ್ಗೆ ಹಿಡಿದದ್ದು' ಎಂಬ ಹೆಮ್ಮೆಯ ಸಬಾಕ್ಕಿಂತ ಹೆಪ್ಪುಗಟ್ಟಿ ಬಂದದ್ದು ನಿಮಗೆ ಸುರಕ್ಷಿತ. ಒಂದನ್ನು ಮಾತ್ರ ಬಿಡಿ: ಆಯ್ಸ್ಟರ್ ಎಂಬ ಹಸಿ ಚಿಪ್ಪುಮೀನು. ಅದರಲ್ಲಿ ವಾಂತಿ-ಭೇದಿ ತರುವ ನೊರೊವೈರಸ್ ಅಪಾಯ ಬೇರೆಯೇ, ಫ್ರೀಝಿಂಗ್‌ನಿಂದ ಅದು ಹೋಗುವುದಿಲ್ಲ. ಮುಂದೆ ಮನೆಯಲ್ಲಿ ಇನ್ನೊಂದು ಮಗುವಿನ ಯೋಚನೆ ಇದ್ದರೆ ಗರ್ಭಿಣಿಯಾದಾಗ ಹಸಿ ಮೀನಿನ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ನಿಮಗೆ ಮೊದಲ ತುತ್ತು ಸಾಲ್ಮನ್ ಆಗಲಿ. ಇದು ಪ್ರಾಚೀನ ಜಪಾನಿನ ತಿನಿಸು ಅಂದುಕೊಳ್ಳಬೇಡಿ. ತಮ್ಮ ಕಡಲಿನ ಕಾಡು ಸಾಲ್ಮನ್‌ನಲ್ಲಿ ಹುಳು ಇರುತ್ತದೆಂದು ಜಪಾನೀಯರು ಅದನ್ನು ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆ ತನ್ನ ಸಾಕಿದ ಸಾಲ್ಮನ್‌ ಮಾರಲು ಬಂದು, ಹಸಿಯಾಗಿಯೂ ತಿನ್ನಬಹುದು ಎಂದು ವರ್ಷಗಟ್ಟಲೆ ಪ್ರಚಾರ ಮಾಡಿತು. ಹಳೆಯ ಸುಶಿ ಮನೆಗಳು ಒಪ್ಪಲಿಲ್ಲ, ಬೆಲ್ಟ್ ಅಂಗಡಿಗಳು ಒಪ್ಪಿದವು, ಮಕ್ಕಳು ಮುಗಿಬಿದ್ದರು. ಈಗ ಬೆಲ್ಟ್ ಸುಶಿಯಲ್ಲಿ ಏನು ಇಷ್ಟ ಎಂದು ಕೇಳುವ ಸಮೀಕ್ಷೆಗಳಲ್ಲಿ ವರ್ಷಗಳಿಂದ ಮೊದಲ ಸ್ಥಾನ ಇದರದ್ದೇ. ಮೀನಿನ ವಾಸನೆ ಕಡಿಮೆ, ಬೆಣ್ಣೆಯ ಮೃದುತ್ವ. ಅದೂ ಕಷ್ಟ ಅನಿಸಿದರೆ 'ಅಬುರಿ ಸಾಲ್ಮನ್' ಎಂದು ತರಿಸಿ, ಮೇಲ್ಭಾಗ ಕಂದಿರುತ್ತದೆ. ಬೇಯಿಸಿದ ಸಿಗಡಿಯದು 'ಎಬಿ', ಅದರಲ್ಲಿ ಹಸಿ ಏನೂ ಇಲ್ಲ.

ಮಗಳ ಚಿಂತೆ ಬಿಡಿ. ಈ ಅಂಗಡಿಗಳು ನಡೆಯುವುದೇ ಮಕ್ಕಳಿಂದ. ಜೋಳ-ಮಯೋನೀಸ್ ಹಾಕಿದ್ದು, ಮೊಟ್ಟೆಯ 'ತಮಾಗೊ', ಕರಿದ ಕೋಳಿ, ಆಲೂ ಫ್ರೈಸ್, ಉದೋನ್ ಎಂಬ ದಪ್ಪ ನೂಡಲ್ಸ್, ಐಸ್‌ಕ್ರೀಮ್ ಎಲ್ಲ ಇರುತ್ತವೆ. ದೊಡ್ಡ ಚೈನ್‌ಗಳು ಈಗ ಸುಶಿಗೆ ವಸಾಬಿ ಸೇರಿಸದೆಯೇ ಕೊಡುತ್ತವೆ, ಬೇಕಾದವರಿಗೆ ಪೊಟ್ಟಣ ಬೇರೆ. ಕುರಾ ಸುಶಿಗೆ ಹೋದರೆ ಖಾಲಿ ಪ್ಲೇಟನ್ನು ಮೇಜಿನ ಪಕ್ಕದ ಕಿಂಡಿಗೆ ಹಾಕಬೇಕು. ಐದು ಪ್ಲೇಟಿಗೊಮ್ಮೆ ತೆರೆಯ ಮೇಲೆ ಆಟ ಬರುತ್ತದೆ, ಗೆದ್ದರೆ ಪುಟ್ಟ ಗೊಂಬೆಯ ಡಬ್ಬಿ ಬೀಳುತ್ತದೆ. ಆ ಡಬ್ಬಿಯ ಆಸೆಗೆ ನಿಮ್ಮ ಮಗಳು ಅಪ್ಪನಿಗೆ ಇನ್ನೂ ಎರಡು ಪ್ಲೇಟು ತಿನ್ನಿಸದೆ ಬಿಡುವುದಿಲ್ಲ.

ಮಗಳ ವಿಷಯದಲ್ಲಿ ಒಂದೇ ಎಚ್ಚರಿಕೆ, ಅದು ದೊಡ್ಡದು. ಪ್ರತಿ ಮೇಜಿನ ಪಕ್ಕ ಗೋಡೆಯಿಂದ ಹೊರಚಾಚಿದ ಒಂದು ನಲ್ಲಿ, ಅದರ ಕೆಳಗೆ ಒತ್ತುವ ಗುಂಡಿ ಇರುತ್ತದೆ. ಕೈ ತೊಳೆಯುವ ನಲ್ಲಿ ಅಂದುಕೊಂಡು ಹೊರದೇಶದವರು ಕೈ ಒಡ್ಡಿ ಸುಟ್ಟುಕೊಳ್ಳುತ್ತಾರೆ. ಅದು ಟೀಗೆ ಬರುವ ಕುದಿನೀರು. ಕಪ್ಪಿಗೆ ಡಬ್ಬಿಯಲ್ಲಿರುವ ಹಸಿರು ಟೀ ಪುಡಿ ಹಾಕಿ, ಕಪ್ಪಿನಿಂದಲೇ ಗುಂಡಿಯನ್ನು ಒತ್ತಿ ನೀರು ಹಿಡಿಯಬೇಕು. ಮಗಳನ್ನು ನಲ್ಲಿಯ ಕಡೆ ಕೂರಿಸಲೇಬೇಡಿ.

ಈಗ ನಿಮ್ಮ ತಾಯಿ. ಫೋಟೋ ನೋಡಿದರೆ ಸಸ್ಯಾಹಾರ ಧಾರಾಳವಾಗಿ ಇದೆ ಅನಿಸುತ್ತದೆ: ಸೌತೆಕಾಯಿ ಸುರುಳಿ, ಸಿಹಿ ತೋಫು ಚೀಲದಲ್ಲಿ ಅನ್ನ ತುಂಬಿದ 'ಇನಾರಿ', ಹುದುಗು ಬರಿಸಿದ ಸೋಯಾ ಕಾಳಿನ 'ನತ್ತೋ', 'ಕಂಪ್ಯೋ' ಸುರುಳಿ. ಕಂಪ್ಯೋ ಅಂದರೆ ನಮ್ಮ ಸೋರೆಕಾಯಿಯ ಬಳಗದ ಕಾಯನ್ನು ರಿಬ್ಬನ್ನಿನಂತೆ ಕೊಯ್ದು ಒಣಗಿಸಿದ್ದು. ಕಣ್ಣಿಗೆ ಕಾಣುವಂತೆ ಇವುಗಳಲ್ಲಿ ಮೀನಿಲ್ಲ. ಆದರೆ ಜಪಾನಿನ ಅಡುಗೆಯ ಬೆನ್ನೆಲುಬು 'ದಾಶಿ' ಎಂಬ ತಿಳಿಸಾರು, ಮತ್ತು ಹೆಚ್ಚಿನ ಕಡೆ ಅದನ್ನು ತೆಗೆಯುವುದು ಒಣಗಿಸಿ ಹೊಗೆ ಕೊಟ್ಟ ಕತ್ಸುಓ ಮೀನಿನಿಂದ. ಇನಾರಿಯ ಚೀಲ ಬೇಯುವುದು, ಕಂಪ್ಯೋ ಬೇಯುವುದು ಹೆಚ್ಚಾಗಿ ಈ ಸಾರಿನಲ್ಲೇ. ಮಿಸೊ ಸಾರಿನಲ್ಲಿ ಇದೆ, ಉದೋನ್‌ನಲ್ಲಿ ಇದೆ. ನತ್ತೋಗೆ ಬೆರೆಸುವ ಸಾಸ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ಕೆಲವು ಚೈನ್‌ಗಳ ಮೇಜಿನ ಸೋಯಾ ಸಾಸ್‌ಗೇ ದಾಶಿ ಸೇರಿಸಿರುತ್ತಾರೆ. ಅನ್ನಕ್ಕೆ ಹಾಕುವ ಸಿದ್ಧ ವಿನೆಗರ್‌ನಲ್ಲೂ ಇರುವುದುಂಟು.

ಬಹಳ ಜನ ಎಡವುವುದು ಅಲರ್ಜಿ ಪಟ್ಟಿಯಲ್ಲಿ. ಪ್ರತಿ ಚೈನ್ ಕೂಡ ತನ್ನ ವೆಬ್‌ಸೈಟಿನಲ್ಲಿ ಯಾವ ತಿನಿಸಿನಲ್ಲಿ ಏನಿದೆ ಎಂಬ ಕೋಷ್ಟಕ ಹಾಕಿರುತ್ತದೆ. ಸೌತೆಕಾಯಿ ಸುರುಳಿಯ ಮುಂದೆ ಮೀನಿನ ಗುರುತು ಇಲ್ಲ, ಹಾಗಾದರೆ ಸಸ್ಯಾಹಾರ ಎಂದು ತೀರ್ಮಾನಿಸುತ್ತಾರೆ. ಆ ಪಟ್ಟಿ ಸರ್ಕಾರ ಗುರುತಿಸಿದ ಸುಮಾರು ಮೂವತ್ತು ಪದಾರ್ಥಗಳದ್ದು. ಅದರಲ್ಲಿ ಮೊಟ್ಟೆ, ಹಾಲು, ಸಿಗಡಿ, ಏಡಿ, ಸಾಲ್ಮನ್, ಸಬಾ ಇವೆ. ಕತ್ಸುಓ ಇಲ್ಲ. ಹಾಗಾಗಿ ದಾಶಿ ತುಂಬಿದ ತಿನಿಸು ಕೂಡ ಆ ಕೋಷ್ಟಕದಲ್ಲಿ ಮೀನಿನ ಗುರುತೇ ಇಲ್ಲದೆ ನಿಂತಿರುತ್ತದೆ. ಮೊಟ್ಟೆ, ಜೆಲಾಟಿನ್ ಇವೆಯೇ ಎಂದು ನೋಡಲು ಆ ಪಟ್ಟಿ ಒಳ್ಳೆಯದು, ದಾಶಿಯ ವಿಷಯದಲ್ಲಿ ಅದನ್ನು ನಂಬಬೇಡಿ.

ಹಾಗಿದ್ದರೆ ಉಳಿಯುವುದೇನು? ಉಪ್ಪು ಹಾಕಿ ಬೇಯಿಸಿದ 'ಎದಾಮಾಮೆ' ಎಂಬ ಹಸಿ ಸೋಯಾ ಕಾಳು, ಹಣ್ಣು, ಹಸಿರು ಟೀ ನಿಶ್ಚಿಂತೆಯಿಂದ ತಿನ್ನುವಂಥವು. ಸೌತೆಕಾಯಿ ಸುರುಳಿ ಮತ್ತು ಉಪ್ಪಿನಲ್ಲಿ ಹಾಕಿದ ಅಮಟೆಕಾಯಿಯ ನೆನಪು ತರುವ 'ಉಮೆ' ಸುರುಳಿ, ಇವೆರಡರಲ್ಲೂ ಅನ್ನದ ವಿನೆಗರ್ ಅನುಮಾನ. ಉಮೆಯ ಲೇಹ್ಯಕ್ಕೆ ಕೆಲವರು ಕತ್ಸುಓ ಬೆರೆಸುತ್ತಾರೆ, ಅದನ್ನೂ ಗಮನದಲ್ಲಿಡಿ. ಆಲೂ ಫ್ರೈಸ್ ಸಿಗಡಿ ಕರಿದ ಎಣ್ಣೆಯಲ್ಲೇ ಬಂದಿರಬಹುದು. ಐಸ್‌ಕ್ರೀಮಿನಲ್ಲಿ ಮೊಟ್ಟೆ ಇದೆಯೇ ಎಂದು ಪಟ್ಟಿ ನೋಡಿ. ಮೇಜಿಗೆ ಬೇಕಾದರೆ ದಾಶಿ ಇಲ್ಲದ ಸಾದಾ ಸೋಯಾ ಸಾಸ್‌ನ ಪುಟ್ಟ ಪೊಟ್ಟಣವನ್ನು ಸೂಪರ್ ಮಾರ್ಕೆಟ್‌ನಲ್ಲಿ ಕೊಂಡು ಇಟ್ಟುಕೊಳ್ಳಿ.

ನಾನು ಹೇಳುವುದಾದರೆ, ನಿಮ್ಮ ತಾಯಿಯವರಿಗೆ ಮನೆಯಲ್ಲೇ ಊಟ ಬಡಿಸಿ ಕರೆದುಕೊಂಡು ಹೋಗಿ. ಮೊಮ್ಮಗಳ ಸಂಭ್ರಮ ನೋಡುತ್ತಾ ಟೀ ಕುಡಿಯಲಿ, ಹಣ್ಣು ತಿನ್ನಲಿ. ಬೆಲ್ಟಿನ ಕಡೆಯಲ್ಲದೆ ಹೊರಬದಿಯಲ್ಲಿ ಕೂತರೆ ಹಸಿ ಮೀನು ಮುಖದ ಮುಂದೆಯೇ ಹಾದುಹೋಗುವ ಕಷ್ಟ ತಪ್ಪುತ್ತದೆ. ಆ ವಾತಾವರಣವೇ ಅವರಿಗೆ ಆಗದಿದ್ದರೆ ಒತ್ತಾಯ ಬೇಡ. ಒಂದು ತುತ್ತು ನೋಡಿ, ಅದರಲ್ಲಿ ಏನೂ ಇಲ್ಲ ಎಂದು ಗೊತ್ತಿಲ್ಲದೆ ಭರವಸೆ ಕೊಟ್ಟು ತಿನ್ನಿಸುವುದು ಮಾತ್ರ ಖಂಡಿತ ತಪ್ಪು. ವಯಸ್ಸಾದವರು ನಮ್ಮ ಮಾತು ನಂಬಿ ತಿನ್ನುತ್ತಾರೆ.

ಅಲ್ಲಿ ಹೋದ ಮೇಲೆ ಏನು ಮಾಡಬೇಕು ಎನ್ನುವುದಕ್ಕೆ ಬರೋಣ. ಬಾಗಿಲಲ್ಲೇ ಯಂತ್ರವಿದೆ, ಎಷ್ಟು ಜನ ಎಂದು ಒತ್ತಿ ಚೀಟಿ ತೆಗೆದುಕೊಳ್ಳಿ. ಭಾನುವಾರ ಸಂಜೆ ಗಂಟೆಗಟ್ಟಲೆ ಕಾಯಬೇಕಾದೀತು, ಆ್ಯಪ್‌ನಲ್ಲಿ ಮೊದಲೇ ಸರದಿ ಹಿಡಿದು ಹೋಗಿ. ಮೇಜಿನಲ್ಲಿರುವ ಟ್ಯಾಬ್ಲೆಟ್‌ನಲ್ಲಿ ಇಂಗ್ಲಿಷ್ ಇರುತ್ತದೆ.

ಒಂದು ನಿರಾಶೆಗೆ ಮೊದಲೇ ಸಿದ್ಧರಾಗಿ: ನೀವು ಹೋದ ಅಂಗಡಿಯಲ್ಲಿ ಬೆಲ್ಟ್ ಮೇಲೆ ಏನೂ ಸುತ್ತುತ್ತಿರದೇ ಇರಬಹುದು. 2023ರ ಜನವರಿಯಲ್ಲಿ ಒಬ್ಬ ಹುಡುಗ ಸೋಯಾ ಸಾಸ್ ಬಾಟಲಿಯ ಬಾಯಿ ನೆಕ್ಕಿ, ಬೆಲ್ಟ್ ಮೇಲಿನ ಸುಶಿಗೆ ಎಂಜಲು ಬೆರಳು ಸವರಿದ ವಿಡಿಯೊ ದೇಶವನ್ನೇ ಕೆರಳಿಸಿತು. ಸುಶಿರೋ ಮುಂತಾದ ಚೈನ್‌ಗಳು ಪ್ಲೇಟು ಸುತ್ತಿಸುವುದನ್ನು ನಿಲ್ಲಿಸಿ, ಆರ್ಡರ್ ಮಾಡಿದ್ದನ್ನು ಮಾತ್ರ ನೇರ ಲೇನ್‌ನಲ್ಲಿ ಮೇಜಿಗೆ ಕಳಿಸತೊಡಗಿದವು. ಸುಶಿರೋದ ಕೆಲವು ಅಂಗಡಿಗಳಲ್ಲಿ ಈಗ ಬೆಲ್ಟಿನ ಜಾಗದಲ್ಲಿ ಉದ್ದನೆಯ ತೆರೆ, ಅದರ ಮೇಲೆ ಚಿತ್ರದ ಸುಶಿ ಸಾಗುತ್ತದೆ. ನಿಜವಾದ ಬೆಲ್ಟನ್ನು ಉಳಿಸಿಕೊಂಡು ಬಂದಿರುವುದು ಕುರಾ ಸುಶಿ. 2025ರ ಒಸಾಕಾ ಎಕ್ಸ್‌ಪೋದಲ್ಲಿ ಅವರು ಹಾಕಿದ್ದ ಬೆಲ್ಟ್ ಸುಮಾರು 135 ಮೀಟರ್ ಉದ್ದವಿತ್ತು. ಕುರಾ ಅಂಗಡಿಗಳಲ್ಲಿ ಬೆಲ್ಟ್ ಮೇಲಿನ ಪ್ರತಿ ಪ್ಲೇಟಿಗೂ ಗುಮ್ಮಟದಂಥ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಮುಚ್ಚಳವನ್ನು ಕೈಯಿಂದ ಮುಟ್ಟಬೇಡಿ. ಪ್ಲೇಟಿನ ಮುಂದಿನ ಅಂಚು ಹಿಡಿದು ಮೆಲ್ಲಗೆ ಮೇಲೆತ್ತಿದರೆ ಮುಚ್ಚಳ ತಾನೇ ತೆರೆದುಕೊಳ್ಳುತ್ತದೆ, ಪ್ಲೇಟು ಕೈಗೆ ಬರುತ್ತದೆ. ಮಗಳಿಗಾಗಿ ಬೆಲ್ಟ್ ನೋಡಲೇಬೇಕು ಎಂದಿದ್ದರೆ ಕುರಾಕ್ಕೆ ಹೋಗಿ. ಬೆಲ್ಟ್ ಇದ್ದರೂ ದೊಡ್ಡವರು ಟ್ಯಾಬ್ಲೆಟ್‌ನಲ್ಲೇ ತರಿಸಿಕೊಳ್ಳುವುದು ಮೇಲು, ಆಗ ತಾನೇ ಮಾಡಿದ್ದು ಬರುತ್ತದೆ.

ರಿವಾಜು ಎಂದರೆ ಹೆಚ್ಚೇನಿಲ್ಲ. ಎತ್ತಿಕೊಂಡ ಪ್ಲೇಟನ್ನು ಮತ್ತೆ ಬೆಲ್ಟಿಗೆ ಇಡಬಾರದು. ಬೇರೆ ಮೇಜಿನವರು ಆರ್ಡರ್ ಮಾಡಿದ್ದು ಬೇರೆ ಬಣ್ಣದ ಪೀಠದ ಮೇಲೆ ಬರುತ್ತದೆ, ಅದನ್ನು ಎತ್ತಬಾರದು. ಸೋಯಾ ಸಾಸ್‌ಗೆ ಅನ್ನದ ಕಡೆ ಅದ್ದಿದರೆ ಉಂಡೆ ಒಡೆಯುತ್ತದೆ, ಮೀನಿನ ಕಡೆ ತುಸುವೇ ತಾಗಿಸಿ. ಕೈಯಲ್ಲಿ ತಿನ್ನುವುದು ಅಲ್ಲಿಯೂ ಮರ್ಯಾದೆಯದೇ. ಉಳಿದದ್ದನ್ನು ಕಟ್ಟಿ ಕೊಡುವುದಿಲ್ಲ, ಎರಡೆರಡು ಪ್ಲೇಟು ತರಿಸಿ ಮುಂದುವರಿಯಿರಿ.

ಖರ್ಚು: ಪ್ಲೇಟಿಗೆ 100 ಯೆನ್ ಎಂಬ ಕಾಲ 2022ರಲ್ಲಿ ಮುಗಿಯಿತು. ಆ ಅಕ್ಟೋಬರ್‌ನಲ್ಲಿ ಸುಶಿರೋ ಕನಿಷ್ಠ ಬೆಲೆಯನ್ನು 120ಕ್ಕೆ ಏರಿಸಿತು. ನಗರದ ನಡುವಿನ ಅಂಗಡಿಗಳಲ್ಲಿ 150ರ ಹತ್ತಿರ ಹೋಗುತ್ತದೆ, ಹೊರವಲಯದಲ್ಲಿ ಕಡಿಮೆ. ಒಂದು ಪ್ಲೇಟಿನಲ್ಲಿ ಸಾಮಾನ್ಯವಾಗಿ ಎರಡು ತುಂಡು. ಮೇಲಿನ ದರ್ಜೆಯ ಪ್ಲೇಟಿನಲ್ಲಿ ಒಂದೇ ತುಂಡು ಇರುವುದುಂಟು, ಫೋಟೋ ನೋಡಿ ಒತ್ತಿ. ದೊಡ್ಡವರಿಗೆ ಹತ್ತು ಪ್ಲೇಟು ಹೊಟ್ಟೆ ತುಂಬ ಊಟ. ನೀವಿಬ್ಬರು, ಮಗಳ ತಿಂಡಿ, ತಾಯಿಯವರ ಹಣ್ಣು ಎಲ್ಲ ಸೇರಿ 4,000 ಯೆನ್ ಒಳಗೇ ಆಗಬೇಕು. ಯೆನ್‌ಗೆ ಅರವತ್ತು ಪೈಸೆ ಹಿಡಿದರೂ 2,400 ರೂಪಾಯಿ. ಟೀಗೆ ದುಡ್ಡಿಲ್ಲ, ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ.

ನಿಮ್ಮ ಯಜಮಾನರಿಗೆ ಬೇರೆಯಾಗಿ ಒಂದು ಮಾತು. ಬಂಗುಡೆ, ಬೂತಾಯಿ ತಿಂದು ಬೆಳೆದವರಿಗೆ ಅಗ್ಗದ ಚೈನ್‌ನ ಸಾಲ್ಮನ್ ನಾಲ್ಕು ವಾರದಲ್ಲಿ ಸಪ್ಪೆಯಾಗುತ್ತದೆ. ಆಗ ಅವರನ್ನು ದಾಇಕಿ ಸುಯಿಸಾನ್‌ಗೆ ಕಳಿಸಿ. ಸಕಾಯಿ ಪಟ್ಟಣದ ಮೀನು ವ್ಯಾಪಾರಿಗಳೇ ನಡೆಸುವ ಬೆಲ್ಟ್ ಸುಶಿ ಅದು. ಬೆಲೆ ತುಸು ಹೆಚ್ಚು, ಮೀನಿನ ಹೋಳು ದಪ್ಪ. ಅಲ್ಲಿ 'ಇವಾಶಿ' ಇದ್ದರೆ ತರಿಸಿಕೊಳ್ಳಲಿ, ಅದು ಬೂತಾಯಿಯ ಬಳಗದ್ದೇ. ಹಸಿ ಇವಾಶಿ ಮಾತ್ರ ಫ್ರೀಝ್ ಆಗಿರದಿರಬಹುದು, ಆ ಪ್ಲೇಟು ಅವರೊಬ್ಬರಿಗೇ ಇರಲಿ.